ಉಂಡ ಮನೆಗೆ ಎರಡು ಬಗೆದವನಿಗೂ ಕ್ಷಮೆ ಇದೆಯೇ?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಬೆಳಗಾವಿ ಕಡೆ ಜಾಸ್ತಿ ಸಂಬಂಧಗಳು ಹಾಳಾಗುವುದು ಎರಡು ಕಾಗದಗಳಿಂದ. ಒಂದು ಹೊಲದ ಉತಾರ, ಅಂದರೆ ಪಹಣಿ, ಇನ್ನೊಂದು ಪತ್ತಿನ ಸಂಘದ ಜಾಮೀನು ಅರ್ಜಿ. "ಒಂದ್ ಸಹಿ ಅಷ್ಟ ಹಾಕು ದೋಸ್ತ, ಏನೂ ಆಗೂದಿಲ್ಲ" ಅಂತ ಗೆಳೆಯ ಹೇಳುತ್ತಾನೆ. ಮೊದಲ ಕೆಲವು ಕಂತು ಸರಿಯಾಗಿ ಕಟ್ಟುತ್ತಾನೆ. ಆಮೇಲೆ ಫೋನ್ ಎತ್ತುವುದಿಲ್ಲ. ನೋಟಿಸು ಬರುವುದು ಸಹಿ ಹಾಕಿದವನ ಮನೆಗೆ. ಸಾಲ ತೆಗೆದವನಷ್ಟೇ ಜಾಮೀನುದಾರನೂ ಹೊಣೆ ಅನ್ನುತ್ತದೆ ಕಾನೂನು. ತಿಂಗಳ ಪಗಾರದಲ್ಲಿ ದುಡ್ಡು ಕಡಿತ ಆಗುತ್ತದೆ. ದುಡ್ಡು ಹೋದ ನೋವು ಒಂದು ಕಡೆ ಇರಲಿ. ಅವನು ಹಬ್ಬಕ್ಕೆ ಮನೆಗೆ ಬಂದು ಪಕ್ಕದಲ್ಲೇ ಕೂತು ಉಂಡಿದ್ದ ಅಲ್ವಾ, ಅದು ನೆನಪಾದಾಗ ಹೊಟ್ಟೆ ಉರಿಯುತ್ತದೆ.

ಬೈಬಲ್ಲಿನ ಐವತ್ತೈದನೆಯ ಕೀರ್ತನೆಯಲ್ಲೂ ಇದೇ ಗೋಳು. ಶತ್ರು ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಬೈದವನು ನೀನು, ನನ್ನ ಆಪ್ತ ಗೆಳೆಯ ಅಂತ ಕೀರ್ತನೆಕಾರ ಅಳುತ್ತಾನೆ. ದ್ರೋಹ ಮಾಡಲು ಹತ್ತಿರದವರಿಗೆ ಮಾತ್ರ ಸಾಧ್ಯ. ಹಾಗಾದರೆ ಕ್ರೈಸ್ತ ನಂಬಿಕೆಯಲ್ಲಿ ಇಂಥ ದ್ರೋಹಕ್ಕೆ ಕ್ಷಮೆ ಇದೆಯೇ? ನಾನು ಧರ್ಮಗುರುವಲ್ಲ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುವವರಲ್ಲಿ ಒಬ್ಬ. ಅಲ್ಲಿ ಕೂತು ಕೇಳಿದ್ದನ್ನು, ಮನೆಯಲ್ಲಿ ಓದಿದ್ದನ್ನು ಹೇಳುತ್ತೇನೆ.

ಪವಿತ್ರ ಗುರುವಾರದ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ಗುರುವಾರದ ಸಂಜೆ, ನಮ್ಮ ಬೆಳಗಾವಿ ಕ್ಯಾಂಪಿನ ಫಾತಿಮಾ ಕಥೀಡ್ರಲ್‌ನಂಥ ಕಥೋಲಿಕ ಚರ್ಚುಗಳಲ್ಲಿ ಕಾಲು ತೊಳೆಯುವ ವಿಧಿ ಇರುತ್ತದೆ. ಸಾಮಾನ್ಯವಾಗಿ ಹನ್ನೆರಡು ಜನ ಸಾಲಾಗಿ ಕೂರುತ್ತಾರೆ. ಒಂದೇ ಕಾಲಿನ ಚಪ್ಪಲಿ, ಸಾಕ್ಸ್ ತೆಗೆದು, ಸ್ವಲ್ಪ ಸಂಕೋಚದಿಂದ ಕಾಲು ಮುಂದೆ ಚಾಚುತ್ತಾರೆ. ಗುರುಗಳು ಮೊಣಕಾಲೂರಿ ನೀರು ಹಾಕಿ, ಟವೆಲ್ಲಿನಿಂದ ಒರೆಸುತ್ತಾರೆ. ಕೊನೆಯ ಊಟದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಇದು. ಆ ರಾತ್ರಿ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಇಸ್ಕರಿಯೋತ ಯೂದನೂ ಅಲ್ಲೇ ಇದ್ದ. ಇವನೇ ನನ್ನನ್ನು ಹಿಡಿದುಕೊಡುವವನು ಅಂತ ಗೊತ್ತಿದ್ದೂ ಯೇಸು ಅವನ ಕಾಲು ತೊಳೆದ. ರೊಟ್ಟಿಯ ತುಂಡನ್ನು ಅದ್ದಿ ಅವನ ಕೈಗೇ ಕೊಟ್ಟ. ತೋಟದಲ್ಲಿ ಯೂದ ಮುತ್ತಿಟ್ಟು ತೋರಿಸಿಕೊಟ್ಟಾಗಲೂ ಮತ್ತಾಯನ ಸುವಾರ್ತೆಯ ಪ್ರಕಾರ ಯೇಸು ಅವನನ್ನು ಗೆಳೆಯನೇ ಎಂದು ಕರೆದ.

ಯೂದನಿಗೆ ಸಿಕ್ಕಿದ್ದು ಮೂವತ್ತು ಬೆಳ್ಳಿ ನಾಣ್ಯ. ಅದು ಎಲ್ಲರಿಗೂ ನೆನಪಿದೆ. ಅವನು ಆ ದುಡ್ಡನ್ನು ವಾಪಸ್ ಒಯ್ದದ್ದು ಮಾತ್ರ ಯಾಕೋ ಜಾಸ್ತಿ ಜನರಿಗೆ ನೆನಪಿರುವುದಿಲ್ಲ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಅಂತ, ಆ ದುಡ್ಡು ಕೊಟ್ಟಿದ್ದ ಮಹಾಯಾಜಕರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡ. ತಪ್ಪೊಪ್ಪಿಗೆ ಆಯಿತು, ದುಡ್ಡೂ ವಾಪಸ್ ಬಂತು. ಅವರು ಏನಂದರು? ಅದು ನಮಗೇನು, ನೀನೇ ನೋಡಿಕೋ! ಕೆಲಸ ಮಾಡಿಸಿಕೊಂಡವರು ಕೈತೊಳೆದುಕೊಂಡರು. ಅವನು ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೋಗಿ ನೇಣು ಹಾಕಿಕೊಂಡ. ಆ ಯಾಜಕರ ಮೇಲೆ ನನಗೆ ಯೂದನಿಗಿಂತ ಜಾಸ್ತಿ ಸಿಟ್ಟಿದೆ.

ಅದೇ ರಾತ್ರಿ ಇನ್ನೊಬ್ಬ ಶಿಷ್ಯ ಪೇತ್ರ ಏನು ಮಾಡಿದ? ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತ, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ. ಯೇಸುವಿನ ಸೀಮೆಯಾದ ಗಲಿಲಾಯದ ಮಾತಿನ ಧಾಟಿಯೇ ಅವನನ್ನು ಹಿಡಿದುಕೊಟ್ಟಿತು. ಯೇಸು ಮೊದಲೇ ಹೇಳಿದ್ದ ಹಾಗೆ ಕೋಳಿ ಕೂಗಿತು. ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ. ಆದರೆ ಉಳಿದ ಶಿಷ್ಯರನ್ನು ಬಿಟ್ಟು ಹೋಗಲಿಲ್ಲ. ಮುಂದೆ ತಿಬೇರಿಯ ಸರೋವರದ ದಂಡೆಯಲ್ಲಿ, ಸತ್ತು ಎದ್ದುಬಂದ ಯೇಸು ಮತ್ತೊಂದು ಇದ್ದಲಿನ ಬೆಂಕಿಯ ಹತ್ತಿರ ಅವನಿಗೆ ಮೀನು, ರೊಟ್ಟಿ ಕೊಟ್ಟ. ಆಗಿದ್ದು ಆಯಿತು ಅಂತ ಅಲ್ಲಿಗೆ ಬಿಡಲೂ ಇಲ್ಲ. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಅಂತ ಸುವಾರ್ತೆಯಲ್ಲಿ ಯೋಹಾನ ಬರೆಯುತ್ತಾನೆ. ನೋಯಬೇಕಿತ್ತು. ಕುರಿಗಳನ್ನು ಮೇಯಿಸು, ಅಂದರೆ ನನ್ನ ಜನರನ್ನು ನೋಡಿಕೋ ಅನ್ನುವ ಜವಾಬ್ದಾರಿ ಆ ನೋವಿನ ಜೊತೆಯಲ್ಲೇ ಬಂತು.

ಯೂದನಿಗೆ ದೇವರು ಕೊನೆಗೆ ಏನು ಮಾಡಿದ? ಅವನು ಹುಟ್ಟದೇ ಇದ್ದಿದ್ದರೆ ಅವನಿಗೆ ಒಳ್ಳೆಯದಿತ್ತು ಅನ್ನುವ ಕಠಿಣ ಮಾತು ಸುವಾರ್ತೆಯಲ್ಲಿದೆ. ಅದನ್ನು ಮುಚ್ಚಿಡಬಾರದು. ಆದರೂ ಕಥೋಲಿಕ ಧರ್ಮಸಭೆ ಇಂತಿಂಥವರು ಸಂತರು ಅಂತ ಹೆಸರು ಹೇಳಿ ಸಾರುತ್ತದೆಯೇ ಹೊರತು, ಇಂಥವನು ನರಕದಲ್ಲಿದ್ದಾನೆ ಅಂತ ಯಾರ ಹೆಸರನ್ನೂ ಸಾರಿಲ್ಲ. ಯೂದನ ಹೆಸರನ್ನೂ ಇಲ್ಲ. ಫ್ರಾನ್ಸಿನ ವೆಝಲೇ ಎಂಬ ಊರಿನ ಹಳೆಯ ಚರ್ಚಿನಲ್ಲಿ, ಕಂಬದ ಮೇಲೆ ಹನ್ನೆರಡನೆಯ ಶತಮಾನದ ಒಂದು ಕೆತ್ತನೆ ಇದೆ. ಒಂದು ಬದಿಯಲ್ಲಿ ನೇಣಿಗೆ ತೂಗಿದ ಯೂದ. ಇನ್ನೊಂದು ಬದಿಯಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ನಡೆಯುವ ಒಬ್ಬ ಮನುಷ್ಯ. ಅವನು ಕ್ರಿಸ್ತನೇ, ತಪ್ಪಿಸಿಕೊಂಡ ಕುರಿಯನ್ನು ಹೊತ್ತು ತರುವ ಕುರುಬ, ಅಂತ ಅನೇಕರು ಓದಿಕೊಳ್ಳುತ್ತಾರೆ. ನನಗೂ ಹಾಗೇ ಓದಿಕೊಳ್ಳುವ ಆಸೆ.

ಇದೆಲ್ಲ ಪುಸ್ತಕದ ಮಾತಾಯಿತು, ಜೀವಂತ ಜನರ ನಡುವೆ ಇದು ಹೇಗೆ ನಡೆಯುತ್ತದೆ? ಆದಿ ಕ್ರೈಸ್ತರು ಇದೇ ಪ್ರಶ್ನೆಗೆ ಜಗಳ ಆಡಿದ್ದಾರೆ. ಕ್ರಿ.ಶ. 250ರ ಹೊತ್ತಿಗೆ ರೋಮಿನ ಚಕ್ರವರ್ತಿ ಡೀಸಿಯಸ್ ಒಂದು ಹುಕುಂ ಹೊರಡಿಸಿದ್ದ. ಎಲ್ಲರೂ ಅಧಿಕಾರಿಗಳ ಎದುರು ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ, ಸರ್ಟಿಫಿಕೇಟು ತೆಗೆದುಕೊಳ್ಳಬೇಕು. ಅಂಥ ಕೆಲವು ಸರ್ಟಿಫಿಕೇಟುಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಕೆಲವರು ಜೈಲಿಗೆ ಹೋದರು, ಕೆಲವರು ಸತ್ತರು. ಬಹಳ ಜನ ಬಲಿ ಕೊಟ್ಟರು. ಇನ್ನು ಕೆಲವರು ಲಂಚ ಕೊಟ್ಟು ಬರೀ ಕಾಗದ ಮಾಡಿಸಿಕೊಂಡರು. ಆಗಲೂ ಇದೇ ಕಥೆ ನೋಡಿ! ಕಾಟ ನಿಂತ ಮೇಲೆ ಇವರೆಲ್ಲ ಮತ್ತೆ ಚರ್ಚಿನ ಬಾಗಿಲಿಗೆ ಬಂದರು. ಒಳಗೆ ಅಣ್ಣನನ್ನೋ ಮಗನನ್ನೋ ಕಳೆದುಕೊಂಡವರು ಕೂತಿದ್ದಾರೆ.

ರೋಮಿನಲ್ಲಿ ನೊವೇಶಿಯನ್ ಎಂಬ ಗುರು, ಇವರನ್ನು ಚರ್ಚು ಕ್ಷಮಿಸಿ ಸೇರಿಸಿಕೊಳ್ಳುವಂತೆಯೇ ಇಲ್ಲ ಅಂದ. ಅತ್ತ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ, ಈಗಲೇ ಎಲ್ಲರನ್ನೂ ಸೇರಿಸಿಕೊಳ್ಳಿ ಅನ್ನುವವರು ಗಲಾಟೆ ಮಾಡುತ್ತಿದ್ದರು. ಅಲ್ಲಿಯ ಬಿಷಪ್ ಸಿಪ್ರಿಯಾನ್ ಎರಡಕ್ಕೂ ಒಪ್ಪಲಿಲ್ಲ. 251ರಲ್ಲಿ ಬಿಷಪ್ಪರು ಸಭೆ ಸೇರಿ, ಒಬ್ಬೊಬ್ಬರ ವಿಷಯ ಬೇರೆ ಬೇರೆಯಾಗಿ ನೋಡಬೇಕು ಅಂತ ತೀರ್ಮಾನ ಮಾಡಿದರು. ಬರೀ ಕಾಗದ ಕೊಂಡವನಿಗೆ ಬೇಗ ದಾರಿ ಸಿಕ್ಕಿತು. ಬಲಿ ಕೊಟ್ಟವನಿಗೆ ದೀರ್ಘ ಪ್ರಾಯಶ್ಚಿತ್ತ. ಬಾಗಿಲು ಮುಚ್ಚಲಿಲ್ಲ, ಆದರೆ ಒಳಗೆ ಬರಲು ಕಾಲ ಹಿಡಿಯಿತು. ಸಿಪ್ರಿಯಾನ್ ಕೂಡ ಆ ಕಾಟದ ಕಾಲದಲ್ಲಿ ಅಡಗಿಕೊಂಡಿದ್ದವನೇ. ಅದಕ್ಕೆ ಜನ ಆಡಿಕೊಂಡಿದ್ದರು. ಮುಂದೆ 258ರಲ್ಲಿ ಇನ್ನೊಂದು ಕಾಟ ಬಂದಾಗ ನಂಬಿಕೆಗಾಗಿ ತಲೆ ಕೊಟ್ಟ.

ನಮ್ಮಲ್ಲಿ ಈ ಕಾಲದ ಲೆಕ್ಕವೇ ಮರೆತುಹೋಗಿದೆ. ಅಣ್ಣ ತಮ್ಮನಿಗೆ ಗೊತ್ತಾಗದ ಹಾಗೆ ಉತಾರದಲ್ಲಿ ಹೆಸರು ಬದಲಿಸಿರುತ್ತಾನೆ. ಮರುವಾರವೇ ಹಿರಿಯರು ತಮ್ಮನ ಮನೆಗೆ ಬಂದು ಚಹಾ ಕುಡಿಯುತ್ತ, "ಹೋಗ್ಲಿ ಬಿಡೋ ತಮ್ಮಾ, ನಿಮ್ಮ ಅಣ್ಣನ ಅಲ್ಲೇನು, ಏಸುಸ್ವಾಮಿನ ಕ್ಷಮಿಸು ಅಂದಾನ" ಅನ್ನುತ್ತಾರೆ. ಅಣ್ಣನ ಮನೆಗೆ ಹೋಗಿ ಹೊಲ ವಾಪಸ್ ಕೊಡು ಅಂತ ಯಾರೂ ಅನ್ನುವುದಿಲ್ಲ. ಇದು ರಾಜಿ, ಇದನ್ನು ಕ್ಷಮೆ ಅಂತ ಕರೆಯಬಾರದು. ಏಳೆಪ್ಪತ್ತು ಸಲ ಕ್ಷಮಿಸು ಅಂದ ಯೇಸುವೇ, ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತಲೂ ಹೇಳಿದ್ದಾನೆ. ಲೂಕನ ಹದಿನೇಳನೆಯ ಅಧ್ಯಾಯ ತೆಗೆದು ನೋಡಿ. ಗುರುಗಳ ಮುಂದೆ ಪಾಪನಿವೇದನೆ ಮಾಡಿ ಕ್ಷಮೆ ಪಡೆದರೂ ಕದ್ದದ್ದನ್ನು ವಾಪಸ್ ಕೊಡುವ ಹೊಣೆ ತಪ್ಪುವುದಿಲ್ಲ ಅಂತ ಕಥೋಲಿಕ ಬೋಧನೆಯೂ ಸ್ಪಷ್ಟವಾಗಿ ಹೇಳುತ್ತದೆ.

ಬೈಬಲ್ಲಿನ ಹಳೆಯ ಒಡಂಬಡಿಕೆಯ ಯೋಸೇಫನ ಕಥೆ ನೋಡಿ. ಅಣ್ಣಂದಿರು ಅವನನ್ನು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಮಾರೋಣ ಅಂತ ಸಲಹೆ ಕೊಟ್ಟವನು ಅವರಲ್ಲೊಬ್ಬನಾದ ಯೆಹೂದ. ವರ್ಷಗಳ ಮೇಲೆ ಬರಗಾಲದಲ್ಲಿ ಅವರೇ ಕಾಳಿಗಾಗಿ ಈಜಿಪ್ಟಿಗೆ ಬಂದಾಗ, ಅಷ್ಟರಲ್ಲಿ ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫ ಓಡಿಹೋಗಿ ಅಪ್ಪಿಕೊಳ್ಳಲಿಲ್ಲ. ಗುರುತು ಹೇಳದೆ ಪರೀಕ್ಷೆ ಮಾಡಿದ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿ ಸಿಕ್ಕಿಸಿದ. ಈ ತಮ್ಮನನ್ನೂ ಬಿಟ್ಟು ಹೋಗುತ್ತಾರೋ ನೋಡೋಣ ಅಂತ. ಆಗ ಅದೇ ಯೆಹೂದ ಮುಂದೆ ಬಂದು, ಇವನಿಗೆ ನಾನು ಅಪ್ಪನ ಹತ್ತಿರ ಹೊಣೆ ನಿಂತಿದ್ದೇನೆ, ಇವನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೋ ಅಂದ. ಒಬ್ಬ ತಮ್ಮನನ್ನು ಮಾರಿದವನು ಇನ್ನೊಬ್ಬ ತಮ್ಮನಿಗೆ ಜಾಮೀನು ನಿಂತ! ಆಮೇಲೆಯೇ ಯೋಸೇಫ ಗಟ್ಟಿಯಾಗಿ ಅತ್ತು, ನಾನೇ ಯೋಸೇಫ ಅಂದದ್ದು.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಗೆಳೆಯನನ್ನು ಕ್ಷಮಿಸಿದವನು ಅವನ ಮೇಲೆ ವಸೂಲಿ ದಾವೆ ಹಾಕಬಹುದೇ? ಆದಿ ಸಭೆಯ ಪ್ರೇಷಿತ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದಲ್ಲಿ, ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಬೈಯುತ್ತಾನೆ. ಅನ್ಯಾಯ ಸಹಿಸಿಕೊಂಡರೆ ಆಗದೇ ಅಂತಲೂ ಕೇಳುತ್ತಾನೆ. ಆದರೆ ಅದಕ್ಕೂ ಮೊದಲು, ನಿಮ್ಮಲ್ಲಿ ನ್ಯಾಯ ತೀರಿಸುವ ಒಬ್ಬ ಬುದ್ಧಿವಂತನೂ ಇಲ್ಲವೇ ಅಂತ ಕೇಳಿದ್ದಾನೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬಿಟ್ಟುಕೊಡುವ ಹಕ್ಕು ಕಳೆದುಕೊಂಡವನದು. ಚಹಾ ಕುಡಿಯಲು ಬಂದ ಹಿರಿಯರು ಅವನ ಪರವಾಗಿ ಬಿಟ್ಟುಕೊಡುವಂತಿಲ್ಲ. ಅವರು ಮೊದಲು ಸಾಲಗಾರನ ಮನೆಗೆ ಹೋಗಲಿ. ಅಲ್ಲಿ ಕೆಲಸ ಆಗದಿದ್ದರೆ, ಕಳೆದುಕೊಂಡವನು ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳದೆ ವಕೀಲರ ಹತ್ತಿರ ಹೋಗುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ನಮಸ್ಕಾರ.