ಅರ್ಜಿಯ ಜೊತೆಗೊಂದು ಪತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

1912ನೆಯ ಇಸವಿ ಫೆಬ್ರವರಿ 9ರಂದು ಮದರಾಸಿನ ಬಂದರು ಮಂಡಳಿಯ ಕಚೇರಿಗೆ ಒಬ್ಬ ತರುಣ ಪುಟ್ಟದೊಂದು ಅರ್ಜಿ ಬರೆದ. ತಮ್ಮಲ್ಲಿ ಗುಮಾಸ್ತನ ಹುದ್ದೆಯೊಂದು ಖಾಲಿ ಇದೆಯೆಂದು ತಿಳಿದು ಅರ್ಜಿ ಹಾಕುತ್ತಿದ್ದೇನೆ. ಮೆಟ್ರಿಕ್ಯುಲೇಷನ್ ಪಾಸಾಗಿ ಕಾಲೇಜಿನ ಮೊದಲ ಹಂತವಾದ ಎಫ್.ಎ. ವರೆಗೆ ಓದಿದ್ದೇನೆ, ಕೆಲವು ಪ್ರತಿಕೂಲ ಸಂದರ್ಭಗಳಿಂದಾಗಿ ಓದು ಮುಂದುವರಿಯಲಿಲ್ಲ, ಆದರೂ ನನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ, ಹುದ್ದೆ ದೊರೆತರೆ ಕೆಲಸಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂಬ ಭರವಸೆ ನನಗಿದೆ. ಅರ್ಜಿಯ ಸಾರ ಇಷ್ಟೇ. ಅದರ ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಶಿಫಾರಸು ಪತ್ರವೂ ಇತ್ತು. ಮಾರ್ಚ್ 1ರಂದು ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಕೆಲಸ ಆ ತರುಣನಿಗೆ ಸಿಕ್ಕಿತು. ಅರ್ಜಿ ಬರೆದವರು ಶ್ರೀನಿವಾಸ ರಾಮಾನುಜನ್.

ಆ ಅರ್ಜಿಯ ಪತ್ರವೊಂದೇ ಅವರಿಗೆ ಕೆಲಸ ಕೊಡಿಸಿತೆಂದು ನಾನು ಹೇಳಲಾರೆ. ಅವರ ಪ್ರತಿಭೆಯನ್ನು ಬಲ್ಲ ಹಿತೈಷಿಗಳು ಮದರಾಸಿನಲ್ಲಿದ್ದರು, ಅದೇ ಕಚೇರಿಯಲ್ಲಿದ್ದ ನಾರಾಯಣ ಅಯ್ಯರ್ ಅವರೇ ಗಣಿತದ ಆಸಕ್ತರಾಗಿದ್ದರು. ಆದರೂ ಉದ್ಯೋಗದ ಅರ್ಜಿಯ ಜೊತೆಗಿಡುವ ಪತ್ರದ ಬಗ್ಗೆ, ಅಂದರೆ ಈಗ ಎಲ್ಲರೂ ಕವರ್ ಲೆಟರ್ ಎನ್ನುವ ಆ ಮುಖಪತ್ರದ ಬಗ್ಗೆ ಮಾತಾಡಲು ಕುಳಿತಾಗ ನನಗೆ ಮೊದಲು ನೆನಪಾಗುವುದು ಅದೇ ಪತ್ರ. ಅದರಲ್ಲಿ ಕಲಿಯಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ.

ಬಿಡಬೇಕಾದದ್ದನ್ನು ಮೊದಲು ಹೇಳುತ್ತೇನೆ. ಮೂಲ ಇಂಗ್ಲಿಷಿನಲ್ಲಿ ರಾಮಾನುಜನ್ ಅವರು ಹುದ್ದೆಯನ್ನು ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತಾರೆ. ಅಂದಿನ ಕಚೇರಿಯ ಭಾಷೆಯೇ ಹಾಗಿತ್ತು, ಅದು ಅವರ ತಪ್ಪಲ್ಲ. ಆದರೆ ನೂರು ವರ್ಷ ಕಳೆದ ಮೇಲೂ ನಮ್ಮ ಅರ್ಜಿಗಳಲ್ಲಿ ಆ ಬೇಡಿಕೆಯ ಧಾಟಿ ಹಾಗೆಯೇ ಉಳಿದಿದೆ. ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಗೆ ಪತ್ರಲೇಖನವನ್ನು ಬಾಯಿಪಾಠ ಮಾಡಿದವರಿಗೆಲ್ಲ ಅದು ಗೊತ್ತು: 'ಇಂದ', 'ಗೆ', 'ಮಾನ್ಯರೇ', 'ವಿಷಯ', ಆಮೇಲೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ', ಕೊನೆಯಲ್ಲಿ 'ಇಂತಿ ತಮ್ಮ ವಿಶ್ವಾಸಿ'. ಚೌಕಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಯಾರು, ಯಾರಿಗೆ, ಯಾವ ವಿಷಯಕ್ಕೆ ಎಂಬುದು ಒಂದೇ ನೋಟಕ್ಕೆ ತಿಳಿಯುವ ಆ ಏರ್ಪಾಡು ಇಂದಿಗೂ ಉಪಯುಕ್ತವೇ. ತಕರಾರಿರುವುದು ಅದರೊಳಗೆ ನಾವು ತುಂಬುವ ಮಾತಿನ ಬಗ್ಗೆ. 'ತಾವು ದಯಮಾಡಿ ಈ ಬಡ ಅಭ್ಯರ್ಥಿಗೆ ಒಂದು ಅವಕಾಶವನ್ನು ಕರುಣಿಸಬೇಕು' ಎಂದು ಬರೆದವನಿಗೆ ತನ್ನ ಕಷ್ಟ ಹೇಳಿಕೊಂಡ ಸಮಾಧಾನ ಸಿಗಬಹುದು, ಆದರೆ ಮೇಜಿನ ಆಚೆ ಕುಳಿತು ಅದನ್ನು ಓದುವವರಿಗೆ ಬೇಕಾದ ಒಂದೇ ಒಂದು ಸಂಗತಿಯೂ ಆ ವಾಕ್ಯದಲ್ಲಿಲ್ಲ.

ಆಚೆ ಕುಳಿತವರ ಸ್ಥಿತಿಯನ್ನು ಸ್ವಲ್ಪ ಯೋಚಿಸೋಣ. ಒಂದು ಹುದ್ದೆಗೆ ನೂರಾರು ಅರ್ಜಿ ಬಂದಿವೆ. ಓದುವವರಿಗೆ ಅದೊಂದೇ ಕೆಲಸವಲ್ಲ. ತಮ್ಮ ದಿನದ ಕೆಲಸಗಳ ನಡುವೆ, ಊಟಕ್ಕೆ ಮೊದಲು ಸಿಕ್ಕ ಅರ್ಧ ಗಂಟೆಯಲ್ಲಿ, ಒಂದೊಂದಕ್ಕೆ ಒಂದೆರಡು ನಿಮಿಷ ಕೊಟ್ಟರೆ ಅದೇ ಹೆಚ್ಚು. ಅವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ನಮ್ಮಲ್ಲಿ ನಿಂತುಹೋಗಿರುವ ಈ ಕೆಲಸವನ್ನು ಈ ವ್ಯಕ್ತಿ ನಡೆಸಿಕೊಂಡು ಹೋಗಬಲ್ಲರೆ? ಸ್ವವಿವರ ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಿಲ್ಲ. ಅದು ನಿಮ್ಮ ಓದು, ಅನುಭವ, ಇಸವಿಗಳ ಪಟ್ಟಿ. ಹತ್ತು ಕಡೆ ಅರ್ಜಿ ಹಾಕಿದರೂ ಹೆಚ್ಚುಕಡಿಮೆ ಒಂದೇ. ಮುಖಪತ್ರ ಹಾಗಲ್ಲ. ಆ ಪಟ್ಟಿಯಿಂದ ಈ ಹುದ್ದೆಗೆ ಬೇಕಾದ ಒಂದೆರಡು ಎಳೆಗಳನ್ನು ಆರಿಸಿ, ಇದೋ ನೋಡಿ, ನಿಮ್ಮ ಕೆಲಸ ಇದು, ನಾನು ಮಾಡಿರುವ ಕೆಲಸ ಇದು, ಎರಡಕ್ಕೂ ಇರುವ ನಂಟು ಇದು ಎಂದು ತೋರಿಸುವುದಷ್ಟೇ ಅದರ ಪಾಲಿನ ಕೆಲಸ. ಸ್ವವಿವರವನ್ನೇ ವಾಕ್ಯರೂಪಕ್ಕೆ ಇಳಿಸಿ ಮತ್ತೊಮ್ಮೆ ಹೇಳಿದರೆ ಅದು ಮುಖಪತ್ರವಾಗುವುದಿಲ್ಲ.

ಎಲ್ಲ ಉದ್ಯೋಗಕ್ಕೂ ಇಂಥ ಪತ್ರ ಬೇಕೆಂದೇನೂ ಇಲ್ಲ. ಲೋಕಸೇವಾ ಆಯೋಗದಂಥ ಸಂಸ್ಥೆಗಳು ನಿಗದಿತ ನಮೂನೆಯಲ್ಲೇ ಅರ್ಜಿ ಪಡೆಯುತ್ತವೆ. ಅಲ್ಲಿ ಪತ್ರಕ್ಕೆ ಸ್ಥಾನವಿಲ್ಲ. ಖಾಸಗಿ ಕಂಪನಿ, ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಪತ್ರಿಕೆ, ಸ್ವಯಂಸೇವಾ ಸಂಸ್ಥೆ ಇಂಥ ಕಡೆ ಮಾತ್ರ ಅದಕ್ಕೆ ಬೆಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾವೇರಿ ಜಿಲ್ಲೆಯ ಒಬ್ಬ ಯುವತಿ ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಹುಬ್ಬಳ್ಳಿಯ ಒಂದು ಮಸಾಲೆ ಕಂಪನಿ ಲೆಕ್ಕ ಸಹಾಯಕಿಯ ಹುದ್ದೆಗೆ ಜಾಹೀರಾತು ಕೊಟ್ಟಿದೆ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಗೊತ್ತಿರಬೇಕು, ಜಿಎಸ್‌ಟಿ ಸಲ್ಲಿಕೆಯ ಅನುಭವ ಇರಬೇಕು ಎಂದಿದೆ. ಅವಳ ಮೊದಲ ಕರಡು ಹೀಗಿರುವ ಸಂಭವವೇ ಹೆಚ್ಚು: 'ನಾನು ಶ್ರಮಜೀವಿ, ಪ್ರಾಮಾಣಿಕಳು, ತಂಡದಲ್ಲಿ ಹೊಂದಿಕೊಂಡು ಕೆಲಸ ಮಾಡಬಲ್ಲೆ, ಹೊಸತನ್ನು ಕಲಿಯುವ ತುಡಿತ ಉಳ್ಳವಳು, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವುದು ನನ್ನ ಬಹುದಿನದ ಕನಸು.' ಇದರಲ್ಲಿ ಸುಳ್ಳು ಯಾವುದೂ ಇರಲಾರದು. ಆದರೆ ಓದಿ ಮುಗಿಸಿದ ಮೇಲೆ ಅವಳಿಗೆ ಲೆಕ್ಕ ಬರುತ್ತದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ.

ಅದೇ ಯುವತಿ ಹೀಗೆ ಬರೆದರೆ ಹೇಗಿರುತ್ತದೆ, ಕೇಳಿ. 'ತಮ್ಮ ಸಂಸ್ಥೆಯ ಲೆಕ್ಕ ಸಹಾಯಕಿ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಎರಡು ವರ್ಷದಿಂದ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಸುಗ್ಗಿಯ ದಿನಗಳಲ್ಲಿ ಹರಾಜಾದ ಮಾಲಿನ ತೂಕ, ದರ, ಹಮಾಲಿ, ದಲಾಲಿ ಎಲ್ಲವನ್ನೂ ದಾಖಲಿಸಿ ರೈತರ ಲೆಕ್ಕದ ಪಟ್ಟಿಯನ್ನು ಅದೇ ದಿನ ಸಿದ್ಧಪಡಿಸುವುದು ನನ್ನ ಹೊಣೆ. ಪ್ರತಿ ತಿಂಗಳು 11ನೆಯ ತಾರೀಖಿನೊಳಗೆ ಮಾರಾಟದ ತೆರಿಗೆ ಪಟ್ಟಿಯಾದ ಜಿಎಸ್‌ಟಿಆರ್-1ರ ವಿವರಗಳನ್ನು ತಯಾರಿಸಿ, ಲೆಕ್ಕಪರಿಶೋಧಕರು ಒಮ್ಮೆ ನೋಡಿದ ಮೇಲೆ ಸಲ್ಲಿಸುತ್ತೇನೆ. ಈ ಎರಡು ವರ್ಷದಲ್ಲಿ ಒಮ್ಮೆಯೂ ವಿಳಂಬ ಶುಲ್ಕ ಬಿದ್ದಿಲ್ಲ. ತಾವು ಖರೀದಿಸುವ ಮಾಲಿನ ಲೆಕ್ಕ ಮಾರುವವರ ಕಡೆಯಿಂದ ಹೇಗೆ ಬರುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ನಾನು ಬಲ್ಲೆ. ರಫ್ತಿನ ದಾಖಲೆಗಳ ಅನುಭವ ನನಗಿಲ್ಲ, ಅದನ್ನು ಕಲಿಯಬೇಕಾಗುತ್ತದೆ. ಸಂದರ್ಶನಕ್ಕೆ ಕರೆದರೆ ನಾನು ನಿರ್ವಹಿಸಿದ ಲೆಕ್ಕದ ಸ್ವರೂಪವನ್ನು ವಿವರಿಸಬಲ್ಲೆ.'

ಈ ಪತ್ರದಲ್ಲಿ 'ಶ್ರಮಜೀವಿ' ಎಂಬ ಪದವಿಲ್ಲ, 'ಪ್ರಾಮಾಣಿಕ' ಎಂಬುದೂ ಇಲ್ಲ. ಸುಗ್ಗಿಯ ದಿನ ಅಂದಿನ ಪಟ್ಟಿ ಅಂದೇ ಮುಗಿಯುತ್ತದೆಂದ ಮೇಲೆ ಶ್ರಮದ ಮಾತು ಬೇರೆ ಬೇಕಿಲ್ಲ. ರಫ್ತಿನ ಅನುಭವ ಇಲ್ಲವೆಂದು ತಾನಾಗಿ ಒಪ್ಪಿಕೊಂಡವಳ ಉಳಿದ ಮಾತನ್ನು ನಂಬಲು ಅಡ್ಡಿಯೂ ಇಲ್ಲ. ಅವಳು ಹುಬ್ಬಳ್ಳಿಯ ಕಂಪನಿಯನ್ನು ಹೊಗಳಲೂ ಇಲ್ಲ. ತಾನು ಕುಳಿತಿರುವ ಜಾಗದಿಂದ ಆ ಕಂಪನಿಯ ವ್ಯವಹಾರ ಹೇಗೆ ಕಾಣುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದಾಳೆ, ನನ್ನ ದೃಷ್ಟಿಯಲ್ಲಿ ಇಡೀ ಪತ್ರದ ಜೀವ ಇರುವುದು ಆ ವಾಕ್ಯದಲ್ಲಿ.

ಪತ್ರ ಬರೆದಾದ ಮೇಲೆ ನಾನು ಸೂಚಿಸುವ ಪರೀಕ್ಷೆ ಒಂದಿದೆ. ಕೆಳಗಿರುವ ನಿಮ್ಮ ಸಹಿಯನ್ನು ಬೆರಳಿನಿಂದ ಮುಚ್ಚಿ, ಆ ಜಾಗದಲ್ಲಿ ನಿಮ್ಮ ತರಗತಿಯ ಬೇರೊಬ್ಬರ ಹೆಸರನ್ನು ಊಹಿಸಿಕೊಂಡು, ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ. ಯಾವ ವಾಕ್ಯ ಅವರ ಹೆಸರಿಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೋ ಅದನ್ನು ಹೊಡೆದುಹಾಕಿ. ಮೊದಲ ಸಲ ಹೀಗೆ ಮಾಡಿದಾಗ ಮಾನ್ಯರೇ ಮತ್ತು ವಂದನೆಗಳು ಬಿಟ್ಟು ಏನೂ ಉಳಿಯದೆ ಹೋಗಬಹುದು, ಗಾಬರಿಯಾಗಬೇಡಿ. ಈಗ ಮೊಬೈಲಿನ ಕೃತಕ ಬುದ್ಧಿಮತ್ತೆಗೆ ಹೇಳಿ ಪತ್ರ ಬರೆಸುವವರು ಬಹಳ. ಅದರ ಭಾಷೆ ಶುದ್ಧವಾಗಿರುತ್ತದೆ, ಕಾಗುಣಿತ ತಪ್ಪುವುದು ಅಪರೂಪ. ಆದರೆ ನೀವು ಅದಕ್ಕೆ ಬ್ಯಾಡಗಿಯ ಸುಗ್ಗಿಯನ್ನೂ 11ನೆಯ ತಾರೀಖನ್ನೂ ಹೇಳದಿದ್ದರೆ ಅದು ಶ್ರಮಜೀವಿ, ಪ್ರಾಮಾಣಿಕ, ತುಡಿತ ಎಂದೇ ಬರೆಯುತ್ತದೆ, ನಿಮ್ಮ ಹಿಂದಿನ ಬೆಂಚಿನವನಿಗೂ ಅದನ್ನೇ ಬರೆದುಕೊಟ್ಟಿರುತ್ತದೆ.

ಓದಿನ ಮಧ್ಯೆ ಬಿಡುವು ಬಿದ್ದವರು, ಮನೆಯ ಕಾಯಿಲೆ, ಮದುವೆ, ಹೆರಿಗೆ ಅಥವಾ ಫೇಲಾದ ಕಾರಣಕ್ಕೆ ಒಂದೆರಡು ವರ್ಷ ಕಳೆದುಕೊಂಡವರು ಈ ವಿಷಯದಲ್ಲಿ ತುಂಬ ಅಳುಕುತ್ತಾರೆ. ಇಲ್ಲಿ ರಾಮಾನುಜನ್ ಅವರ ಪತ್ರ ನಿಜಕ್ಕೂ ಪಾಠ ಹೇಳುತ್ತದೆ. ಗಣಿತವೊಂದನ್ನು ಬಿಟ್ಟು ಬೇರೆ ವಿಷಯಗಳತ್ತ ಗಮನ ಕೊಡದೆ ಅವರು ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪತ್ರದಲ್ಲಿ ಅವರು ಅದನ್ನು ಪಾಸಾದೆನೆಂದು ತಿರುಚಲಿಲ್ಲ, ಕಷ್ಟದ ಕಥೆಯನ್ನು ಪುಟಗಟ್ಟಲೆ ಬೆಳೆಸಲೂ ಇಲ್ಲ. ಓದು ನಿಂತಿತೆಂದು ಅರ್ಧ ವಾಕ್ಯದಲ್ಲಿ ಹೇಳಿ, ಆಮೇಲಿನ ಸಮಯವನ್ನು ಯಾವುದಕ್ಕೆ ಬಳಸಿದೆನೆಂಬ ವಾಕ್ಯಕ್ಕೆ ದಾಟಿಬಿಟ್ಟರು. ಬಿಡುವಿನ ವಿವರಣೆಗೆ ಅದಕ್ಕಿಂತ ಹೆಚ್ಚು ಜಾಗ ಕೊಡಬೇಕಾಗಿಲ್ಲ.

ಭಾಷೆ ಯಾವುದು ಎಂಬ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಉತ್ತರಿಸಿ. ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಾಗ ಕನ್ನಡ ಮಾಧ್ಯಮದಲ್ಲಿ ಓದಿದವರು ಯಾರದೋ ಪತ್ರದಿಂದ ದೊಡ್ಡ ದೊಡ್ಡ ಪದಗಳನ್ನು ಎತ್ತಿಕೊಳ್ಳುತ್ತಾರೆ, ಸಂದರ್ಶನದಲ್ಲಿ ಆ ಪದಗಳನ್ನು ಉಚ್ಚರಿಸಲೂ ಆಗದೆ ಮುಜುಗರಪಡುತ್ತಾರೆ. ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿದರೆ ಸಾಕು. ಕನ್ನಡದಲ್ಲೇ ಕಳುಹಿಸುವವರಿಗೆ ಬೇರೊಂದು ಎಚ್ಚರಿಕೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಕಡತವನ್ನು ಹಾಗೆಯೇ ಮಿಂಚಂಚೆಯಲ್ಲಿ ಕಳುಹಿಸಿದರೆ, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ನಿಮ್ಮ ಪತ್ರ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಬರೆಯಿರಿ, ಪಿಡಿಎಫ್ ಮಾಡಿ ಕಳುಹಿಸಿ.

ಮಿಂಚಂಚೆಯ ಮಾತು ಬಂದಾಗ ಇನ್ನೂ ಒಂದೆರಡು. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರನ್ನೂ, ಜಾಹೀರಾತಿಗೆ ಸಂಖ್ಯೆಯಿದ್ದರೆ ಅದನ್ನೂ ಬರೆಯಿರಿ. ಪ್ರತ್ಯೇಕ ಪತ್ರ ಲಗತ್ತಿಸಬೇಕೆಂದು ಕೇಳಿರದಿದ್ದರೆ ಪತ್ರವನ್ನೇ ಮಿಂಚಂಚೆಯ ಒಡಲಲ್ಲಿಡಿ. ಬರಿಯ ಸ್ವವಿವರ ಲಗತ್ತಿಸಿ ಮೇಲೆ ಏನನ್ನೂ ಬರೆಯದೆ ಕಳುಹಿಸುವುದು ಮನೆಗೆ ಬಂದವರು ಮಾತಾಡದೆ ಚೀಲ ಇಟ್ಟು ಹೋದ ಹಾಗೆ. ಪತ್ರ ಒಂದು ಪುಟ ಮೀರಬಾರದು. ಕೇಳದ ಹೊರತು ಸಂಬಳದ ನಿರೀಕ್ಷೆ, ಜಾತಿ, ಮದುವೆಯ ವಿವರ ಯಾವುದೂ ಬೇಡ. ಹಳೆಯ ಪತ್ರವನ್ನು ತಿದ್ದಿ ಕಳುಹಿಸುವಾಗ ಹಿಂದಿನ ಸಂಸ್ಥೆಯ ಹೆಸರು ಎಲ್ಲಿಯೂ ಉಳಿಯದಂತೆ ನೋಡಿಕೊಳ್ಳಿ. ಆಯ್ಕೆ ಸಮಿತಿಯಲ್ಲಿ ಕುಳಿತಿದ್ದ ದಿನಗಳಲ್ಲಿ, ನಮ್ಮ ಸಂಸ್ಥೆಯಲ್ಲಿ ಸೇರುವುದೇ ಜೀವನದ ಗುರಿ ಎಂದು ಬರೆದು, ಎರಡನೆಯ ಪ್ಯಾರಾದಲ್ಲಿ ನಮ್ಮ ಪ್ರತಿಸ್ಪರ್ಧಿಯ ಹೆಸರನ್ನು ಉಳಿಸಿಕೊಂಡ ಪತ್ರವನ್ನು ನಾನೇ ಓದಿದ್ದೇನೆ. ಬರೆದವರು ಬುದ್ಧಿವಂತರೇ ಆಗಿದ್ದರು ಎಂಬುದು ಉಳಿದ ಸಾಲುಗಳಿಂದ ಗೊತ್ತಾಗುತ್ತಿತ್ತು, ಆದರೆ ಕೋಣೆಯಲ್ಲಿದ್ದ ಐವರೂ ನಕ್ಕ ಮೇಲೆ ಆ ಅರ್ಜಿಯ ಪರ ಮಾತಾಡುವುದು ನನ್ನಿಂದಲೂ ಆಗಲಿಲ್ಲ.

ಮತ್ತೆ ಮದರಾಸಿಗೆ ಹೋಗೋಣ. ಬಂದರಿನ ಕೆಲಸ ಸಿಕ್ಕಿ ವರ್ಷ ತುಂಬುವ ಮೊದಲೇ, 1913ರ ಜನವರಿ 16ರಂದು, ರಾಮಾನುಜನ್ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರಿಗೆ ಇನ್ನೊಂದು ಪತ್ರ ಬರೆದರು. ಅದು ಉದ್ಯೋಗದ ಅರ್ಜಿಯಲ್ಲ, ಆದರೂ ತನ್ನನ್ನು ಪರಿಚಯಿಸಿಕೊಳ್ಳುವ ಪತ್ರವೇ. ಅದರಲ್ಲೂ ವಿನಯವಿದೆ: ತಾನೊಬ್ಬ ಗುಮಾಸ್ತ, ವಾರ್ಷಿಕ ಸಂಬಳ 20 ಪೌಂಡ್ ಮಾತ್ರ, ವಿಶ್ವವಿದ್ಯಾಲಯದ ಶಿಕ್ಷಣ ತನಗಿಲ್ಲ ಎಂದೇ ಆರಂಭವಾಗುತ್ತದೆ. ಆದರೆ ಈ ಸಲ ಜೊತೆಗಿದ್ದದ್ದು ಶಿಫಾರಸು ಪತ್ರವಲ್ಲ, ಪುಟಗಟ್ಟಲೆ ಪ್ರಮೇಯಗಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ನಿಮ್ಮ ಕೆಲಸ ಕಣ್ಣಿಗೆ ಕಾಣುವಂಥದ್ದಾದರೆ, ಅಂದರೆ ನೀವು ಬರೆದ ಲೇಖನ, ಮಾಡಿದ ವಿನ್ಯಾಸ, ತೆಗೆದ ಛಾಯಾಚಿತ್ರ, ಬರೆದ ತಂತ್ರಾಂಶದ ಸಂಕೇತ ಇದ್ದರೆ, ಅದರಲ್ಲಿ ಎರಡನ್ನೋ ಮೂರನ್ನೋ ಆರಿಸಿ ಪತ್ರದ ಜೊತೆಗಿಡಿ. ಇಪ್ಪತ್ತು ಇಟ್ಟರೆ ಯಾರೂ ನೋಡುವುದಿಲ್ಲ.

ಉತ್ತರ ಬಾರದಿದ್ದರೆ ಹತ್ತು ಹದಿನೈದು ದಿನ ಬಿಟ್ಟು, ಹುದ್ದೆಯ ಹೆಸರು ಮತ್ತು ಅರ್ಜಿ ಕಳುಹಿಸಿದ ದಿನಾಂಕ ನಮೂದಿಸಿ, ಎರಡು ಸಾಲಿನ ಒಂದು ನೆನಪೋಲೆ ಕಳುಹಿಸಬಹುದು, ಎರಡನೆಯದು ಬೇಡ. ಹಾರ್ಡಿಯವರಿಗಿಂತ ಮೊದಲು ರಾಮಾನುಜನ್ ಕೇಂಬ್ರಿಡ್ಜಿನ ಇನ್ನಿಬ್ಬರು ಗಣಿತಜ್ಞರಿಗೆ ಬರೆದಿದ್ದರು. ಅವರಿಬ್ಬರಿಂದಲೂ ಕಾಗದಗಳು ಒಂದು ಮಾತೂ ಇಲ್ಲದೆ ಹಿಂದಿರುಗಿದ್ದವಂತೆ.

ನಮಸ್ಕಾರ.