ಕನಸಿಗೆ ಮೊದಲು ಒಂದು ಪ್ರೋನೋಟು

ಕೇಳುಗರೇ, ನಮಸ್ಕಾರ.

ಭಾಷಣ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ನಾನು ಆಗಾಗ ಹೋಗುತ್ತೇನೆ. ಪ್ರತಿ ಸಲ ಒಬ್ಬರಾದರೂ ಕೈ ಎತ್ತಿ ‘ನನಗೊಂದು ಕನಸಿದೆ’ ಅನ್ನುತ್ತಾರೆ. ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಚಳವಳಿ ನಡೆಸಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತು. ಸಂತೋಷವೇ. ಆದರೆ ಮಕ್ಕಳೇ, ಆ ಭಾಷಣದಲ್ಲಿ ಕನಸು ಬರುವುದು ಕೊನೆಗೆ. ಮೊದಲು ಬರುವುದು ಲೆಕ್ಕ. ಇವತ್ತು ನಾನು ಹೇಳಲು ಬಂದಿರುವುದು ಇದೊಂದನ್ನೇ.

1963ರ ಆಗಸ್ಟ್ 28. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಸುಮಾರು 2.5 ಲಕ್ಷ ಜನ. ಗುಲಾಮರ ಬಿಡುಗಡೆಯ ಘೋಷಣೆಗೆ ಲಿಂಕನ್ ಸಹಿ ಹಾಕಿ ಆಗ 100 ವರ್ಷ. ಕಿಂಗ್ ಹೇಳಿದ್ದು ಇಷ್ಟು: ಈ ದೇಶ ಕಟ್ಟಿದವರು ಸ್ವಾತಂತ್ರ್ಯದ ಹಕ್ಕು ಕೊಡುತ್ತೇವೆಂದು ಎಲ್ಲರಿಗೂ ಒಂದು ಪ್ರೋನೋಟು, ಅಂದರೆ ಸಾಲ ತೀರಿಸುತ್ತೇವೆಂಬ ಕರಾರು ಪತ್ರ, ಬರೆದುಕೊಟ್ಟರು. ಕಪ್ಪು ಜನರ ಕೈಗೆ ಬಂದದ್ದು ಮಾತ್ರ, ಖಾತೆಯಲ್ಲಿ ಹಣ ಸಾಲದು ಎಂದು ವಾಪಸಾದ ಚೆಕ್. ಅದನ್ನು ನಗದು ಮಾಡಿಸಿಕೊಳ್ಳಲು ಬಂದಿದ್ದೇವೆ.

ಚೆಕ್ ಬೌನ್ಸ್ ಆದರೆ ತಪ್ಪು ಯಾರದು? ಬರೆದುಕೊಟ್ಟವರದು, ಅಲ್ವಾ? ಅಲ್ಲಿ ನಿಂತ ಜನ ದಯೆ ಬೇಡುತ್ತಿರಲಿಲ್ಲ. ಬಾಕಿ ಕೇಳುತ್ತಿದ್ದರು. ಇದನ್ನು ಒಪ್ಪಲು ಕಣ್ಣೀರು ಬೇಕಿಲ್ಲ, ಕೂಡಿ ಕಳೆಯಲು ಬಂದರೆ ಸಾಕು.

ಈ ಪ್ರೋನೋಟು ಎಲ್ಲಿಂದ ಬಂತು ಗೊತ್ತಾ? ನನಗೆ ತುಂಬಾ ಇಷ್ಟವಾದ ಕತೆ, ಹೇಳಲೇಬೇಕು. ಅದೇ ವರ್ಷ, ಕೆಲವು ತಿಂಗಳ ಹಿಂದೆ, ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನ ಜೈಲಿನ ತುಂಬ ಚಳವಳಿಯವರು. ಜಾಮೀನಿಗೆ ದುಡ್ಡಿಲ್ಲ. ಕಿಂಗ್ ಅವರ ವಕೀಲ ಕ್ಲಾರೆನ್ಸ್ ಜೋನ್ಸ್ ನ್ಯೂಯಾರ್ಕಿಗೆ ಓಡಿದರು. ಅಲ್ಲಿನ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಸಹಾಯಕ್ಕೆ ಬಂದರು. ರಜೆಯ ದಿನ ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ತಿಜೋರಿ ತೆರೆಸಿ 1 ಲಕ್ಷ ಡಾಲರ್ ನಗದು ಕೊಡಿಸಿದರು. ಆದರೆ ಬ್ಯಾಂಕಿನವರು ಸುಮ್ನೆ ಕೊಡ್ತಾರಾ? ಜೋನ್ಸ್ ಮುಂದೆ ಒಂದು ಪ್ರೋನೋಟು ಇಟ್ಟರು. ಕೇಳಿದ ಕೂಡಲೇ ತೀರಿಸಬೇಕಾದ ಸಾಲ! ಅಷ್ಟು ಹಣ ಅವರು ಎಲ್ಲಿಂದ ತರಬೇಕು? ಆದರೂ ಸಹಿ ಹಾಕಿದರು. ಜೈಲಿನಲ್ಲಿದ್ದವರು ಹೊರಗೆ ಬಂದರು. ಮುಂದೆ ಆಗಸ್ಟಿನಲ್ಲಿ ಕಿಂಗ್ ಅವರ ಭಾಷಣದ ಕರಡು ಬರೆಯಲು ಕೂತಾಗ ಆ ಕಾಗದ ತಲೆಯಲ್ಲಿತ್ತು ಎಂದು ಜೋನ್ಸ್ ಅವರೇ ನೆನೆದಿದ್ದಾರೆ. ಸಹಿ ಹಾಕುವಾಗ ನಡುಗಿದ ಕೈಗೆ ಗೊತ್ತಿರುತ್ತದೆ, ಬರೆದುಕೊಟ್ಟ ಮಾತಿನ ತೂಕ ಎಷ್ಟು ಅಂತ.

ಸಮಯ ಮುಗಿಯುತ್ತಾ ಬಂತು. ಕನಸಿನ ಬಗ್ಗೆ ಎರಡೇ ಮಾತು. ಭಾಷಣದ ಕೊನೆಯ ಭಾಗದಲ್ಲಿ ಗಾಯಕಿ ಮಹೇಲಿಯಾ ಜಾಕ್ಸನ್ ಹತ್ತಿರದಿಂದ ಕೂಗಿದರು: ಮಾರ್ಟಿನ್, ಆ ಕನಸಿನ ವಿಷಯ ಹೇಳು! ಕಿಂಗ್ ಬರೆದು ತಂದದ್ದನ್ನು ಬಿಟ್ಟರು. ಜಾರ್ಜಿಯಾದ ಕೆಂಪು ಗುಡ್ಡಗಳು ಬಂದವು. ಗುಲಾಮರ ಮಕ್ಕಳು, ಒಡೆಯರ ಮಕ್ಕಳು ಒಂದೇ ಮೇಜಿಗೆ ಕೂತರು. ತಮ್ಮ ನಾಲ್ಕು ಪುಟ್ಟ ಮಕ್ಕಳನ್ನೂ ಕರೆತಂದರು. ಎದೆ ತುಂಬಿ ಬರುತ್ತದೆ. ಯಾಕೆ? ಬಾಕಿ ಎಷ್ಟು ಅಂತ ಆಗಲೇ ಗೊತ್ತಾಗಿದೆ. ಅದು ತೀರಿದರೆ ಊರು ಹೇಗಿರುತ್ತದೆ ಅಂತ ಈಗ ಕಾಣುತ್ತಿದೆ. ಲೆಕ್ಕ ಬಿಟ್ಟು ಕನಸು ಮಾತ್ರ ಹೇಳಿದರೆ ಅದು ಬರೀ ಹಾರೈಕೆ.

ಮಕ್ಕಳೇ, ಮುಂದಿನ ಸ್ಪರ್ಧೆಗೆ ಆ ಚೆಕ್ಕಿನ ಭಾಗವನ್ನು ಬಾಯಿಪಾಠ ಮಾಡಿಕೊಂಡು ಬನ್ನಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ನಮಸ್ಕಾರ.