ಶೂ ತೊಳೆದು ಬನ್ನಿ: ಲಾರ್ಡ್ ಹೌ ದ್ವೀಪದ ಕಾಡುದಾರಿಗಳು

ಎಲ್ಲರಿಗೂ ನಮಸ್ಕಾರ.

ಸಿಡ್ನಿಯಿಂದ ಸುಮಾರು ಎರಡು ಗಂಟೆ ಹಾರಿದರೆ ಟಾಸ್ಮನ್ ಸಮುದ್ರದ ನಡುವೆ ಲಾರ್ಡ್ ಹೌ ಸಿಗುತ್ತದೆ. ಉದ್ದ ಹತ್ತು ಕಿಲೋಮೀಟರ್, ಅಗಲ ಹೆಚ್ಚೆಂದರೆ ಎರಡು. 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದು ಹೊತ್ತಿಗೆ 400 ಪ್ರವಾಸಿಗರಿಗಷ್ಟೇ ಜಾಗ, ಟೆಂಟ್ ಹಾಕುವಂತಿಲ್ಲ. ಹಾಗಾಗಿ ಮೊದಲು ಕೋಣೆ, ಆಮೇಲೆ ವಿಮಾನದ ಟಿಕೆಟ್. ರನ್‌ವೇ ಗಿಡ್ಡ, ವಿಮಾನ ಸಣ್ಣದು. ತೂಕ ಮೀರಿದರೆ ಲಗೇಜು ಹಿಂದೆ ಉಳಿದೀತು. ಔಷಧಿ, ಒಂದು ಜೊತೆ ಬಟ್ಟೆ, ನಡಿಗೆಯ ಶೂ ಕೈಚೀಲದಲ್ಲೇ ಇರಲಿ.

ಆ ಶೂ ಬಗ್ಗೆಯೇ ಇವತ್ತು ಹೆಚ್ಚು ಹೇಳಬೇಕಿದೆ. ಈ ದ್ವೀಪಕ್ಕೆ ಆದ ಪೆಟ್ಟೆಲ್ಲ ಹೊರಗಿನಿಂದ ಬಂದದ್ದು. 1918ರಲ್ಲಿ ಮಕಾಂಬೊ ಎಂಬ ಹಡಗು ಇಲ್ಲಿ ನೆಲಕ್ಕೆ ತಾಗಿತು, ಅದರಲ್ಲಿದ್ದ ಇಲಿಗಳು ದಡ ಸೇರಿದವು, ಕೆಲವೇ ವರ್ಷಗಳಲ್ಲಿ ಐದು ಬಗೆಯ ಹಕ್ಕಿಗಳು ನಿರ್ನಾಮವಾದವು. ಹಾರಲಾರದ ವುಡ್‌ಹೆನ್ ಹಕ್ಕಿಯನ್ನು ಕಾಡುಹಂದಿ, ಬೆಕ್ಕುಗಳು ಮುಗಿಸುತ್ತ ಬಂದು, 1980ರ ಹೊತ್ತಿಗೆ ಮೂವತ್ತರಷ್ಟು ಮಾತ್ರ ಉಳಿದಿದ್ದವು. ಪಂಜರದಲ್ಲಿ ಮರಿ ಮಾಡಿಸಿ ಬಿಟ್ಟರು. 2019ರಲ್ಲಿ ದ್ವೀಪದಾದ್ಯಂತ ವಿಷದ ಉಂಡೆ ಹಾಕಿ ಇಲಿಗಳನ್ನು ತೆಗೆದ ಮೇಲೆ ವುಡ್‌ಹೆನ್ ಸಂಖ್ಯೆ ಸಾವಿರ ದಾಟಿತು. ಈಗ ದಾರಿಯಲ್ಲಿ ಕಾಲಬುಡಕ್ಕೇ ಬರುತ್ತದೆ. ತಿನ್ನಲು ಏನೂ ಕೊಡಬೇಡಿ.

ಇಲಿಯ ಹಾಗಲ್ಲದೆ, ಕಣ್ಣಿಗೇ ಬೀಳದ ಶತ್ರುವೊಂದಿದೆ: ಬೇರು ಕೊಳೆಸುವ ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿ. ಅದು ಒದ್ದೆ ಮಣ್ಣಿನಲ್ಲಿ ಸಾಗುತ್ತದೆ, ಅಂದರೆ ನಿಮ್ಮ ಶೂ ಅಡಿಯಲ್ಲಿ. ಎಲೆಗಳಿಗೆ ತಗಲುವ ಮಿರ್ಟಲ್ ರಸ್ಟ್ ಬೂಷ್ಟು ಬಟ್ಟೆ, ಟೋಪಿಗೂ ಅಂಟುತ್ತದೆ. ಹೊರಡುವ ಮುನ್ನ ಬಟ್ಟೆ ಒಗೆಯಿರಿ, ಶೂ ಗೀರುಗಳಿಂದ ಮಣ್ಣು ಕೆದಕಿ, ತೊಳೆದು, ಪೂರ್ತಿ ಒಣಗಿಸಿ. ದ್ವೀಪದ ದಾರಿಗಳ ಬಾಯಲ್ಲಿ ಬ್ರಷ್ ಮತ್ತು ಸೋಂಕುನಾಶಕ ಇಟ್ಟಿರುತ್ತಾರೆ. ಮೊದಲು ಬ್ರಷ್, ಆಮೇಲೆ ದ್ರಾವಣ. ಹಲವರು ಅವಸರದಲ್ಲಿ ಮಣ್ಣಿನ ಮೇಲೆಯೇ ಸಿಂಪಡಿಸಿ ಹೊರಡುತ್ತಾರೆ. ಹೆಪ್ಪುಗಟ್ಟಿದ ಮಣ್ಣಿನೊಳಗೆ ಔಷಧಿ ಇಳಿಯುವುದೇ ಇಲ್ಲ, ಆ ಶಾಸ್ತ್ರ ಮುಗಿಸಿ ಉಪಯೋಗವಿಲ್ಲ.

ದಾರಿ ಬಿಟ್ಟು ಕಾಲಿಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣ ಶಿಯರ್‌ವಾಟರ್ ಹಕ್ಕಿಗಳು. ಅವು ಮರಳುಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತವೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲ, ಕಾಲಿಟ್ಟರೆ ಚಾವಣಿ ಕುಸಿಯುತ್ತದೆ.

ಟ್ರಾನ್ಸಿಟ್ ಹಿಲ್, ಮಲಬಾರ್ ಗುಡ್ಡಗಳಿಗೆ ನೀವೇ ಹೋಗಬಹುದು. ಹೆಸರು ಕೇಳಿ ನಮ್ಮ ಕರಾವಳಿ ನೆನಪಾದರೆ ತಪ್ಪಿಲ್ಲ, ಆದರೆ ಇಲ್ಲಿನ ಆಕರ್ಷಣೆ ಬಂಡೆಯಂಚಿನಲ್ಲಿ ಸುತ್ತುವ ಕೆಂಪು ಬಾಲದ ಟ್ರಾಪಿಕ್‌ಬರ್ಡ್. 875 ಮೀಟರಿನ ಮೌಂಟ್ ಗೌವರ್ ಮಾತು ಬೇರೆ. ಪರವಾನಗಿ ಇರುವ ಮಾರ್ಗದರ್ಶಿ ಕಡ್ಡಾಯ. ಹೋಗಿಬರಲು ಸುಮಾರು 14 ಕಿಲೋಮೀಟರ್, ಎಂಟೊಂಬತ್ತು ಗಂಟೆ. ಆರಂಭದಲ್ಲೇ ಕಡಲ ಮೇಲಿನ ಕಡಿಬಂಡೆಯ ಅಂಚಿನಲ್ಲಿ ಹಗ್ಗ ಹಿಡಿದು ಸಾಗಬೇಕು, ತುದಿಯ ಹತ್ತಿರ ಮತ್ತೆ ಹಗ್ಗ. ಹಿಡಿತವಿರುವ ಕೈಗವಸು ಇದ್ದರೆ ಅಂಗೈ ಉಳಿಯುತ್ತದೆ. ಹೊಸ ಶೂ ಬೇಡ. ಹತ್ತುವಾಗಲ್ಲ, ಇಳಿಯುವಾಗ ಮಂಡಿ ಸೋಲುತ್ತದೆ, ಅರ್ಧ ಶಕ್ತಿ ಅದಕ್ಕೇ ಎತ್ತಿಡಿ. ಮಳೆ, ಗಾಳಿಗೆ ಚಾರಣ ರದ್ದಾಗುವುದು ಮಾಮೂಲು. ಅದಕ್ಕೇ ಗೌವರನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಅಲ್ಲಿನ ಚಳಿಗಾಲದಲ್ಲಿ (ಜೂನ್‌ನಿಂದ ಆಗಸ್ಟ್) ಹೋದರೆ ಗಡಿಯಾರವನ್ನು ಸಿಡ್ನಿಗಿಂತ ಅರ್ಧ ಗಂಟೆ ಮುಂದಿಡಿ, ಬೇಸಿಗೆಯಲ್ಲಿ ಎರಡೂ ಕಡೆ ಒಂದೇ ಸಮಯ. ಗೂಡು ಕಟ್ಟಲು ಪ್ರಾವಿಡೆನ್ಸ್ ಪೆಟ್ರೆಲ್ ಎಂಬ ಕಡಲಹಕ್ಕಿಗಳು ಗೌವರಿಗೆ ಬರುವುದೂ ಆ ಚಳಿಯಲ್ಲೇ. ತುದಿಯ ಪಾಚಿಕಾಡಿನಲ್ಲಿ ನಿಂತು ಮಾರ್ಗದರ್ಶಿ ಜೋರಾಗಿ ಕೂಗಿದರೆ ಮಂಜಿನೊಳಗಿಂದ ಒಂದೊಂದೇ ಹಕ್ಕಿ ಧೊಪ್ಪನೆ ಕಾಲಬಳಿ ಇಳಿಯುತ್ತದೆ.